ನಾಯಿ ಚಾಕೊಲೇಟ್ ತಿಂದರೆ: ಲಕ್ಷಣ ಕಾಣುವವರೆಗೆ ಕಾಯಬೇಡಿ

ನಾಯಿ ಚಾಕೊಲೇಟ್ ತಿಂದಿದೆ ಅಂತ ಗೊತ್ತಾದ ಕೂಡಲೇ ಹೆಚ್ಚಿನ ಮನೆಗಳಲ್ಲಿ ಮಾಡುವ ಕೆಲಸ ಒಂದೇ. ಅದರ ಮುಖ ನೋಡುತ್ತಾ ಕೂರುವುದು. ಅದು ಬಾಲ ಆಡಿಸುತ್ತದೆ, ಚೆಂಡು ತಂದು ಕಾಲ ಬಳಿ ಹಾಕುತ್ತದೆ, ಇನ್ನೊಂದು ತುಂಡು ಸಿಗುತ್ತದಾ ಅಂತ ಡಬ್ಬಿ ಮೂಸುತ್ತದೆ. "ಏನೂ ಆಗಿಲ್ಲ ಬಿಡು, ಚೆನ್ನಾಗೇ ಇದೆಯಲ್ಲ" ಅಂತ ಎಲ್ಲರೂ ಸಮಾಧಾನ ಮಾಡಿಕೊಳ್ಳುತ್ತಾರೆ. ಈ ಸಮಾಧಾನವೇ ಅಪಾಯ. ಚಾಕೊಲೇಟಿನ ವಿಷ ನಿಧಾನವಾಗಿ ಏರುತ್ತದೆ, ಇನ್ನೂ ನಿಧಾನವಾಗಿ ಇಳಿಯುತ್ತದೆ. ನಾಯಿ ಆರಾಮಾಗಿ ಕಾಣುವ ಆ ಮೊದಲ ಒಂದೆರಡು ಗಂಟೆಯಲ್ಲೇ ಚಿಕಿತ್ಸೆ ಎಲ್ಲಕ್ಕಿಂತ ಸುಲಭ.

ಈಗಷ್ಟೇ ನಿಮ್ಮ ಮನೆಯಲ್ಲಿ ಹೀಗಾಗಿದ್ದರೆ ಈ ಪ್ಯಾರಾ ಓದಿ, ಉಳಿದದ್ದನ್ನು ಆಮೇಲೆ ಓದಿ. ಮಿಕ್ಕ ಚಾಕೊಲೇಟನ್ನು ನಾಯಿಗೆ ಎಟುಕದ ಕಡೆ ಎತ್ತಿಡಿ. ಕವರ್ ಎಸೆಯಬೇಡಿ, ಅದರ ಮೇಲೆ ತೂಕವೂ ಇರುತ್ತದೆ, ಏನೇನು ಹಾಕಿದ್ದಾರೆ ಅನ್ನುವುದೂ ಇರುತ್ತದೆ. ಮನೆಯಲ್ಲಿ ಎರಡು ನಾಯಿ ಇದ್ದರೆ ಎರಡೂ ತಿಂದಿವೆ ಅಂತಲೇ ಅಂದುಕೊಳ್ಳಿ. ಆಮೇಲೆ ಪಶುವೈದ್ಯರಿಗೆ ಫೋನ್ ಮಾಡಿ ನಾಲ್ಕು ಮಾತು ಹೇಳಿ: ನಾಯಿಯ ತೂಕ, ಯಾವ ಥರದ ಚಾಕೊಲೇಟ್, ಎಷ್ಟು, ಯಾವಾಗ. "ಸರ್, ಆರು ಕೆಜಿ ಪಾಮೇರಿಯನ್. ಡಾರ್ಕ್ ಚಾಕೊಲೇಟ್, 80 ಗ್ರಾಂ ಬಾರ್‌ನಲ್ಲಿ ಅರ್ಧ ಖಾಲಿ. ಮುಕ್ಕಾಲು ಗಂಟೆ ಆಯ್ತು." ಇಷ್ಟು ಸಾಕು. ಮುಂದಿನದನ್ನು ಡಾಕ್ಟರು ಲೆಕ್ಕ ಹಾಕಿ ಹೇಳುತ್ತಾರೆ. ತೂಕ ಗೊತ್ತಿಲ್ಲದಿದ್ದರೆ ನಾಯಿಯನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಲ್ಲಿ, ಆಮೇಲೆ ನಿಮ್ಮ ತೂಕ ಕಳೆಯಿರಿ.

ನಮಗೆ ಆಗದ್ದು ನಾಯಿಗೆ ಯಾಕೆ ಆಗುತ್ತದೆ

ಕೊಕ್ಕೊ ಬೀಜದಲ್ಲಿ ಥಿಯೋಬ್ರೊಮಿನ್ ಎಂಬ ರಾಸಾಯನಿಕ ಇದೆ. ಕಾಫಿಯಲ್ಲಿರುವ ಕೆಫೀನ್‌ನ ಹತ್ತಿರದ ಸಂಬಂಧಿ ಅದು. ಚಾಕೊಲೇಟಿನಲ್ಲಿ ಕೆಫೀನ್ ಕೂಡ ಸ್ವಲ್ಪ ಇರುತ್ತದೆ, ಆದರೆ ಥಿಯೋಬ್ರೊಮಿನ್ ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ.

ನಾವು ತಿಂದಾಗ ರಕ್ತ ಸೇರಿದ ಥಿಯೋಬ್ರೊಮಿನ್‌ನಲ್ಲಿ ಅರ್ಧದಷ್ಟನ್ನು ನಮ್ಮ ಯಕೃತ್ತು ಸುಮಾರು ಏಳೆಂಟು ಗಂಟೆಯಲ್ಲಿ ಒಡೆದು ಹಾಕುತ್ತದೆ. ನಾಯಿಯ ದೇಹಕ್ಕೆ ಅದೇ ಕೆಲಸಕ್ಕೆ ಸುಮಾರು ಹದಿನೇಳೂವರೆ ಗಂಟೆ ಬೇಕು. ಬೆಳಗ್ಗೆ ಹತ್ತಕ್ಕೆ ತಿಂದದ್ದರಲ್ಲಿ ಅರ್ಧ ಮರುದಿನ ನಸುಕಿನವರೆಗೂ ಉಳಿದಿರುತ್ತದೆ. ಮರುದಿನ ರಾತ್ರಿ ಒಂಬತ್ತಕ್ಕೂ ಕಾಲು ಭಾಗ ಇರುತ್ತದೆ. ಚಾಕೊಲೇಟ್ ವಿಷಬಾಧೆ ಕೆಲವೊಮ್ಮೆ ಮೂರು ದಿನ ಎಳೆಯುವುದು ಇದೇ ಕಾರಣಕ್ಕೆ.

ಅಷ್ಟು ಹೊತ್ತು ಒಳಗೆ ಕೂತು ಅದು ಮಾಡುವುದೇನು? ಮೆದುಳಿನಲ್ಲಿ ಅಡೆನೊಸಿನ್ ಎಂಬ ವಸ್ತು ಇದೆ. "ಸಾಕು, ಇನ್ನು ಸುಧಾರಿಸಿಕೋ" ಅಂತ ದೇಹಕ್ಕೆ ಹೇಳುವುದು ಅದರ ಕೆಲಸ. ಅಡೆನೊಸಿನ್ ಕೂರಬೇಕಾದ ಜಾಗದಲ್ಲಿ ಥಿಯೋಬ್ರೊಮಿನ್ ಹೋಗಿ ಕೂರುತ್ತದೆ. ಜೊತೆಗೆ ಸ್ನಾಯುಗಳ ಜೀವಕೋಶಗಳೊಳಗೆ ಕ್ಯಾಲ್ಸಿಯಂ ಹೆಚ್ಚುವಂತೆ ಮಾಡುತ್ತದೆ. ಆಗ ದೇಹ ಬ್ರೇಕ್ ಇಲ್ಲದೆ ಇಳಿಜಾರಿನಲ್ಲಿ ಬಿಟ್ಟ ಗಾಡಿಯಂತಾಗುತ್ತದೆ. ಎದೆ ಜೋರಾಗಿ ಬಡಿಯುತ್ತದೆ, ಸ್ನಾಯುಗಳು ಅದುರುತ್ತವೆ, ಮೈ ಬಿಸಿಯೇರುತ್ತದೆ, ನಾಯಿ ಕೂತಲ್ಲಿ ಕೂರುವುದಿಲ್ಲ. ಮೂತ್ರಪಿಂಡಕ್ಕೂ ಇದರ ಪರಿಣಾಮ ಇದೆ. ನೀರು ಜಾಸ್ತಿ ಕುಡಿಯುತ್ತದೆ, ಮತ್ತೆ ಮತ್ತೆ ಉಚ್ಚೆ ಹೊಯ್ಯುತ್ತದೆ.

ಇನ್ನೊಂದು ವಿಷಯ ಚಿಕಿತ್ಸೆಗೆ ತುಂಬಾ ಮುಖ್ಯ. ಯಕೃತ್ತಿನಿಂದ ಪಿತ್ತದ ಜೊತೆ ಕರುಳಿಗೆ ಬಿದ್ದ ಥಿಯೋಬ್ರೊಮಿನ್ ಅಲ್ಲಿಂದ ಮತ್ತೆ ರಕ್ತಕ್ಕೆ ಸೇರುತ್ತದೆ. ಮೂತ್ರಕೋಶದಲ್ಲಿ ಉಚ್ಚೆ ಜಾಸ್ತಿ ಹೊತ್ತು ನಿಂತರೆ, ಅದರ ಗೋಡೆಯ ಮೂಲಕವೂ ವಾಪಸ್ ಒಳಗೆ ಹೋಗುತ್ತದೆ. ಹೊರಗೆ ಹೋಗಬೇಕಾದ ವಿಷ ಹೀಗೆ ಸುತ್ತು ಹಾಕುತ್ತಾ ಇರುತ್ತದೆ.

ಲೆಕ್ಕ ಹಾಕುವುದು ಹೇಗೆ

ಎಲ್ಲ ಚಾಕೊಲೇಟೂ ಒಂದೇ ಅಲ್ಲ. ಕಪ್ಪಾದಷ್ಟೂ, ಕಹಿಯಾದಷ್ಟೂ ಅಪಾಯ ಹೆಚ್ಚು. ಥಿಯೋಬ್ರೊಮಿನ್ ಮತ್ತು ಕೆಫೀನ್ ಎರಡನ್ನೂ ಸೇರಿಸಿ ಹೇಳಿದರೆ, ಒಂದು ಗ್ರಾಂ ಮಿಲ್ಕ್ ಚಾಕೊಲೇಟಿನಲ್ಲಿ ಸುಮಾರು 2.3 ಮಿಲಿಗ್ರಾಂ ಇರುತ್ತದೆ. ಸಾಧಾರಣ ಡಾರ್ಕ್ ಚಾಕೊಲೇಟಿನಲ್ಲಿ 5.5ರ ಆಸುಪಾಸು. 70 ಪರ್ಸೆಂಟ್‌ಗಿಂತ ಜಾಸ್ತಿ ಕೊಕ್ಕೊ ಇರುವ ಬಾರ್ ಆದರೆ ಎಂಟೊಂಬತ್ತು. ಸಕ್ಕರೆ ಹಾಕದ, ಬೇಕಿಂಗ್‌ಗೆ ಬಳಸುವ ಗಟ್ಟಿ ಚಾಕೊಲೇಟಿನಲ್ಲಿ 15ರಿಂದ 16. ಒಣ ಕೊಕ್ಕೊ ಪುಡಿಯಲ್ಲಿ 28ರ ಹತ್ತಿರ. ಬಿಳಿ ಚಾಕೊಲೇಟಿನಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ, ಅದರ ತೊಂದರೆ ಏನಿದ್ದರೂ ಕೊಬ್ಬು ಮತ್ತು ಸಕ್ಕರೆಯದ್ದು.

ಇನ್ನು ನಾಯಿಯ ಕಡೆಯ ಲೆಕ್ಕ. ದೇಹದ ತೂಕದ ಪ್ರತಿ ಕೆಜಿಗೆ 20 ಮಿಲಿಗ್ರಾಂ ಆದರೆ ವಾಂತಿ, ಭೇದಿ, ಚಡಪಡಿಕೆ ಶುರುವಾಗಬಹುದು. 40ರಿಂದ 50 ಆದರೆ ಹೃದಯದ ಬಡಿತ ಏರುಪೇರಾಗುತ್ತದೆ. 60 ದಾಟಿದರೆ ಫಿಟ್ಸ್ ಬರಬಹುದು. 100ರ ಮೇಲೆ ಜೀವಕ್ಕೇ ಅಪಾಯ, ಆದರೆ ಅದಕ್ಕಿಂತ ಕಡಿಮೆಯಲ್ಲೂ ಸತ್ತ ನಾಯಿಗಳಿವೆ. ಈ ಗೆರೆಗಳೆಲ್ಲ ಅಂದಾಜಿನವು. ವಯಸ್ಸಾದ ನಾಯಿ, ಹೃದಯದ ಕಾಯಿಲೆ ಇರುವ ನಾಯಿ, ಮೊದಲೇ ಫಿಟ್ಸ್ ಬರುತ್ತಿದ್ದ ನಾಯಿ, ಬಸುರಿ ನಾಯಿ ಇವುಗಳ ವಿಷಯದಲ್ಲಿ ಸಂಖ್ಯೆ ಕಡಿಮೆ ಬಂತು ಅಂತ ಸುಮ್ನೆ ಕೂರಬಾರದು.

ಮೇಲೆ ಹೇಳಿದ ಪಾಮೇರಿಯನ್‌ನ ಲೆಕ್ಕವನ್ನೇ ತೆಗೆದುಕೊಳ್ಳೋಣ. 40 ಗ್ರಾಂ ಡಾರ್ಕ್ ಚಾಕೊಲೇಟ್, ಗ್ರಾಂಗೆ 5.5. ಅಂದರೆ 220 ಮಿಲಿಗ್ರಾಂ. ಆರು ಕೆಜಿಗೆ ಭಾಗಿಸಿದರೆ 37ರ ಹತ್ತಿರ. ತಕ್ಷಣ ಆಸ್ಪತ್ರೆಗೆ ಹೊರಡಬೇಕಾದ ಸಂಖ್ಯೆ ಇದು. ಅದೇ ನಾಯಿ ಇಡೀ ಬಾರ್ ತಿಂದಿದ್ದರೆ 73 ಆಗುತ್ತಿತ್ತು, ಫಿಟ್ಸ್‌ನ ಗೆರೆ ದಾಟಿದ ಹಾಗೆ.

ಈಗ ಇನ್ನೊಂದು ತುದಿ ನೋಡಿ. 30 ಕೆಜಿಯ ಲ್ಯಾಬ್ರಡಾರ್ 50 ಗ್ರಾಂ ಮಿಲ್ಕ್ ಚಾಕೊಲೇಟ್ ನುಂಗಿದರೆ ಕೆಜಿಗೆ ನಾಲ್ಕು ಮಿಲಿಗ್ರಾಂ ಕೂಡ ಆಗುವುದಿಲ್ಲ. ಹೊಟ್ಟೆ ಸ್ವಲ್ಪ ಕೆಡಬಹುದು, ಅಷ್ಟೇ. ಅದಕ್ಕೆ ಮಧ್ಯರಾತ್ರಿ ಊರೆಲ್ಲ ಓಡಾಡಬೇಕಿಲ್ಲ, ಡಾಕ್ಟರಿಗೆ ಒಂದು ಫೋನ್ ಸಾಕು. "ಚಾಕೊಲೇಟ್ ಮುಟ್ಟಿದರೆ ನಾಯಿ ಸಾಯುತ್ತದೆ" ಅನ್ನುವುದೂ ತಪ್ಪು, "ನಮ್ಮ ನಾಯಿ ಎಷ್ಟೋ ಸಲ ತಿಂದಿದೆ, ಏನೂ ಆಗಲ್ಲ" ಅನ್ನುವುದೂ ತಪ್ಪು. ಎರಡಕ್ಕೂ ಉತ್ತರ ಈ ಭಾಗಾಕಾರದಲ್ಲಿದೆ.

ಜನ ಹೆಚ್ಚು ಗಮನ ಕೊಡದಿರುವುದು ಕೊಕ್ಕೊ ಪುಡಿಗೆ. ಕೇಕ್ ಮಾಡಲು ಬಟ್ಟಲಿಗೆ ಹಾಕಿಟ್ಟ ಎರಡು ದೊಡ್ಡ ಚಮಚ ಪುಡಿ ಅಂದರೆ ಸುಮಾರು 12 ಗ್ರಾಂ. ಅಷ್ಟನ್ನು ಆರು ಕೆಜಿ ನಾಯಿ ನೆಕ್ಕಿದರೆ ಕೆಜಿಗೆ 56 ಮಿಲಿಗ್ರಾಂ. ಡಾರ್ಕ್ ಚಾಕೊಲೇಟ್ ಅರ್ಧ ಬಾರ್‌ಗಿಂತ ಎಷ್ಟೋ ಜಾಸ್ತಿ ಆಯಿತಲ್ವಾ? ಬಾರ್ ಖಾಲಿಯಾದರೆ ಎಲ್ಲರಿಗೂ ಕಾಣುತ್ತದೆ. ನೆಕ್ಕಿದ ಪುಡಿ ಯಾರ ಕಣ್ಣಿಗೂ ಬೀಳುವುದಿಲ್ಲ.

ಎಷ್ಟು ತಿಂದಿದೆ ಅಂತ ಖಚಿತವಾಗಿ ಗೊತ್ತಾಗದಿದ್ದಾಗ ಜಾಸ್ತಿಯನ್ನೇ ಹಿಡಿಯಿರಿ. "ಬಹುಶಃ ಎರಡು ತುಂಡು" ಅಂತ ಡಾಕ್ಟರಿಗೆ ಹೇಳುವ ಬದಲು "ಡಬ್ಬಿಯಲ್ಲಿ ಹನ್ನೆರಡು ಇತ್ತು, ಈಗ ಮೂರಿದೆ, ಮಕ್ಕಳು ತಿಂದಿದ್ದು ಗೊತ್ತಿಲ್ಲ" ಅಂತ ಇದ್ದದ್ದನ್ನು ಇದ್ದ ಹಾಗೆ ಹೇಳಿ. ಮಕ್ಕಳು ಬೈಗುಳಕ್ಕೆ ಹೆದರಿ ಬಾಯಿ ಬಿಡುವುದಿಲ್ಲ. ಆ ಹೊತ್ತಿಗೆ ಯಾರನ್ನೂ ಬೈಯಬೇಡಿ.

ಲೇಬಲ್ ಇಲ್ಲದ ಚಾಕೊಲೇಟ್, ತೋಟದ ಕೊಕ್ಕೊ

ಮಡಿಕೇರಿ ಕಡೆ ಪ್ರವಾಸ ಹೋದವರು ಹೋಮ್‌ಮೇಡ್ ಚಾಕೊಲೇಟ್ ತರದೆ ಬರುವುದು ಕಡಿಮೆ. ಬಣ್ಣದ ಕಾಗದ ಸುತ್ತಿದ ಚೌಕ ತುಂಡುಗಳು, ತೂಕದ ಲೆಕ್ಕದಲ್ಲಿ ಕೊಟ್ಟಿರುತ್ತಾರೆ. ಕೊಕ್ಕೊ ಎಷ್ಟು ಪರ್ಸೆಂಟ್ ಅಂತ ಬರೆದಿರುವುದಿಲ್ಲ. ಒಂದೇ ಪೊಟ್ಟಣದಲ್ಲಿ ಬಿಳಿ, ಮಿಲ್ಕ್, ಡಾರ್ಕ್ ಎಲ್ಲ ಕಲಸಿರುತ್ತವೆ. ಒಂದರೊಳಗೆ ಗೋಡಂಬಿ, ಇನ್ನೊಂದರೊಳಗೆ ಒಣದ್ರಾಕ್ಷಿ, ಮತ್ತೊಂದರೊಳಗೆ ಹುರಿದ ಕಾಫಿ ಬೀಜ. ನಾಯಿಯ ದೃಷ್ಟಿಯಿಂದ ನೋಡಿದರೆ ಇದು ತೀರಾ ಗೊಂದಲದ ಪೊಟ್ಟಣ. ಹಾಗಾಗಿ ಅದು ತಿಂದದ್ದು ಎಲ್ಲವೂ ಡಾರ್ಕ್ ಅಂತಲೇ ಲೆಕ್ಕ ಹಿಡಿಯಬೇಕು. ಕಾಫಿ ಬೀಜ ಇದ್ದರೆ ಕೆಫೀನ್ ಬೇರೆ ಸೇರಿತು. ಕೆಫೀನ್ ಥಿಯೋಬ್ರೊಮಿನ್‌ಗಿಂತ ಬೇಗ ತಲೆಗೇರುತ್ತದೆ, ಸಮಯ ಇನ್ನೂ ಕಡಿಮೆ ಸಿಗುತ್ತದೆ. ಪೊಟ್ಟಣದಲ್ಲಿ ಉಳಿದ ತುಂಡುಗಳನ್ನು ಕತ್ತರಿಸಿ ಒಳಗೇನಿದೆ ನೋಡಿ, ಅದನ್ನೂ ಡಾಕ್ಟರಿಗೆ ಹೇಳಿ.

ಅಗ್ಗದ ಚಾಕೊಲೇಟಿನಲ್ಲಿ ಕೊಕ್ಕೊ ಬೆಣ್ಣೆಯ ಬದಲು ವನಸ್ಪತಿ ಕೊಬ್ಬು ಹಾಕಿರುತ್ತಾರೆ, ಅದು ನಿಜವಾದ ಚಾಕೊಲೇಟ್ ಅಲ್ಲ, ಹಾಗಾಗಿ ಭಯವಿಲ್ಲ ಅಂತ ಕೆಲವರು ಹೇಳುವುದುಂಟು. ಬದಲಾಗಿರುವುದು ಕೊಬ್ಬು ಮಾತ್ರ. ಕಪ್ಪು ಬಣ್ಣ, ರುಚಿ ಬರಲು ಅದಕ್ಕೂ ಕೊಕ್ಕೊ ಪುಡಿ ಬೇಕು. ಥಿಯೋಬ್ರೊಮಿನ್ ಇರುವುದು ಆ ಪುಡಿಯಲ್ಲೇ.

ದಕ್ಷಿಣ ಕನ್ನಡದವರಿಗೆ ಇನ್ನೊಂದು ಮಾತು ಹೇಳಲೇಬೇಕು. ಅಲ್ಲಿ ಅಡಿಕೆ ತೋಟದ ನಡುವೆ ಕೊಕ್ಕೊ ಬೆಳೆಯುತ್ತಾರೆ. ಪುತ್ತೂರಿನ ಕೆಮ್ಮಿಂಜೆಯಲ್ಲಿ ಕ್ಯಾಂಪ್ಕೊದ ಚಾಕೊಲೇಟ್ ಕಾರ್ಖಾನೆ 1986ರಿಂದ ಇದೆ. ಆ ಕಡೆಯ ಮನೆಗಳಲ್ಲಿ ಅಪಾಯ ಅಂಗಡಿಯ ಕವರ್‌ನಲ್ಲಿ ಬರಬೇಕಿಲ್ಲ, ಅಂಗಳದಲ್ಲೇ ಒಣಗುತ್ತಿರಬಹುದು. ಒಣ ಕೊಕ್ಕೊ ಬೀಜದ ಒಂದು ಗ್ರಾಂನಲ್ಲಿ ಹತ್ತರಿಂದ ನಲವತ್ತು ಮಿಲಿಗ್ರಾಂವರೆಗೂ ಥಿಯೋಬ್ರೊಮಿನ್ ಇರುತ್ತದೆ. ಒಂದು ಬೀಜ ಸುಮಾರು ಒಂದು ಗ್ರಾಂ ತೂಗುತ್ತದೆ. ಹದಿನೈದು ಕೆಜಿಯ ಊರ ನಾಯಿ ಹತ್ತು ಬೀಜ ಜಗಿದರೆ, ಕೆಜಿಗೆ ಏಳರಿಂದ ಇಪ್ಪತ್ತೇಳು ಮಿಲಿಗ್ರಾಂ ಸೇರಿದಂತೆ. ಬೀಜದ ಸಿಪ್ಪೆಯಲ್ಲೂ ವಿಷ ಇದೆ. ಆ ಸಿಪ್ಪೆಯನ್ನು ಗಿಡದ ಬುಡಕ್ಕೆ ಹಾಸುವವರು ನಾಯಿಮರಿ ಇರುವ ಮನೆಯಲ್ಲಿ ಹಾಗೆ ಮಾಡದಿರುವುದೇ ಒಳ್ಳೆಯದು. ಮರಿಗಳು ಸಿಕ್ಕಿದ್ದನ್ನೆಲ್ಲ ಕಚ್ಚುತ್ತವೆ, ಅವುಗಳ ತೂಕವೂ ಕಡಿಮೆ.

ಮನೆಯಲ್ಲಿ ಮಾಡಬಾರದ್ದು

ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು ನಮ್ಮಲ್ಲಿ ಹಳೆಯ ಅಭ್ಯಾಸ. ದಯವಿಟ್ಟು ಮಾಡಬೇಡಿ. ವಾಂತಿ ಆಗದಿದ್ದರೆ ಆ ಉಪ್ಪೆಲ್ಲ ರಕ್ತಕ್ಕೆ ಸೇರುತ್ತದೆ. ರಕ್ತದಲ್ಲಿ ಸೋಡಿಯಂ ಏರಿದರೆ ಅದೊಂದರಿಂದಲೇ ಮೆದುಳಿಗೆ ಪೆಟ್ಟು ಬಿದ್ದು ಫಿಟ್ಸ್ ಬರುತ್ತದೆ. ಗಂಟಲಿಗೆ ಬೆರಳು ಹಾಕುವುದೂ ಬೇಡ.

ಹೈಡ್ರೋಜನ್ ಪೆರಾಕ್ಸೈಡ್ ಕುಡಿಸಿ ಅಂತ ಅಂತರ್ಜಾಲದಲ್ಲಿ ಓದಿರುತ್ತೀರಿ. ಅಮೆರಿಕದ ಪಶುವೈದ್ಯರು ಫೋನಿನಲ್ಲಿ ಪ್ರಮಾಣ ಹೇಳಿ ಕೊಡಿಸುವುದು 3 ಪರ್ಸೆಂಟ್ ದ್ರಾವಣವನ್ನು. ನಮ್ಮ ಮೆಡಿಕಲ್ ಶಾಪ್‌ಗಳಲ್ಲಿ ಗಾಯ ತೊಳೆಯಲು ಸಾಮಾನ್ಯವಾಗಿ ಸಿಗುವುದು 6 ಪರ್ಸೆಂಟ್‌ನದ್ದು. ಎರಡು ಪಟ್ಟು ತೀಕ್ಷ್ಣ. ಅಲ್ಲಿನ ಅಳತೆ ಓದಿ ಇಲ್ಲಿನ ಬಾಟಲಿ ಬಗ್ಗಿಸಿದರೆ ಹೊಟ್ಟೆಯ ಒಳಪದರ ಸುಟ್ಟು ಹುಣ್ಣಾಗುತ್ತದೆ. 3 ಪರ್ಸೆಂಟ್ ಕೂಡ ಹೊಟ್ಟೆಗೆ ಒಳ್ಳೆಯದೇನಲ್ಲ. ಡಾಕ್ಟರು ಫೋನಿನಲ್ಲಿ ಸ್ಪಷ್ಟವಾಗಿ ಹೇಳದ ಹೊರತು ಅದರ ತಂಟೆಗೆ ಹೋಗಬೇಡಿ. ಪಗ್‌ನಂಥ ಚಪ್ಪಟೆ ಮೂತಿಯ ನಾಯಿ, ಮಂಕಾಗಿ ಮಲಗಿದ ನಾಯಿ, ಆಗಲೇ ನಡುಗುತ್ತಿರುವ ನಾಯಿ ಇವುಗಳಿಗೆ ಮನೆಯಲ್ಲಿ ವಾಂತಿ ಮಾಡಿಸಲೇಬಾರದು. ವಾಂತಿ ಶ್ವಾಸಕೋಶಕ್ಕೆ ಇಳಿದರೆ ಚಾಕೊಲೇಟಿಗಿಂತ ದೊಡ್ಡ ತೊಂದರೆ.

ಮಜ್ಜಿಗೆ, ಎಳನೀರು, ನಿಂಬೆರಸ ಇವುಗಳಿಂದ ಥಿಯೋಬ್ರೊಮಿನ್ ಇಳಿಯುವುದಿಲ್ಲ. ತುಪ್ಪ ಕುಡಿಸಿದರಂತೂ ಈಗಾಗಲೇ ಜಾಸ್ತಿ ಆಗಿರುವ ಕೊಬ್ಬಿಗೆ ಇನ್ನಷ್ಟು ಕೊಬ್ಬು. ಒಲೆಯ ಇದ್ದಿಲು ಪುಡಿ ಮಾಡಿ ಕೊಡುವವರೂ ಇದ್ದಾರೆ. ಆಸ್ಪತ್ರೆಯಲ್ಲಿ ಕೊಡುವ ಆಕ್ಟಿವೇಟೆಡ್ ಚಾರ್ಕೋಲ್ ಬೇರೆಯೇ. ಅದನ್ನು ವಿಷ ಹೀರಿಕೊಳ್ಳಲೆಂದೇ ಸಿದ್ಧಪಡಿಸಿರುತ್ತಾರೆ, ಕಣ ಕಣದಲ್ಲೂ ಸೂಕ್ಷ್ಮ ರಂಧ್ರಗಳಿರುತ್ತವೆ. ಒಲೆಯ ಇದ್ದಿಲಿಗೆ ಆ ಶಕ್ತಿ ಇಲ್ಲ.

ಆಸ್ಪತ್ರೆಯಲ್ಲಿ ಏನಾಗುತ್ತದೆ

ಥಿಯೋಬ್ರೊಮಿನ್‌ಗೆ ಪ್ರತಿವಿಷ ಇಲ್ಲ. ಇಂಜೆಕ್ಷನ್ ಕೊಟ್ಟು ವಿಷ ಇಳಿಸುವ ದಾರಿ ಇಲ್ಲ. ಒಳಗೆ ಹೋಗದಂತೆ ತಡೆಯಬೇಕು, ಹೋದದ್ದನ್ನು ಬೇಗ ಹೊರಗೆ ಹಾಕಬೇಕು, ಅಷ್ಟರವರೆಗೆ ಹೃದಯವನ್ನೂ ಮೆದುಳನ್ನೂ ಕಾಯಬೇಕು. ಇಡೀ ಚಿಕಿತ್ಸೆ ಇಷ್ಟೇ.

ತಿಂದು ಒಂದೆರಡು ಗಂಟೆಯೊಳಗೆ ಕರೆದುಕೊಂಡು ಹೋದರೆ ಡಾಕ್ಟರು ಔಷಧಿ ಕೊಟ್ಟು ವಾಂತಿ ಮಾಡಿಸುತ್ತಾರೆ. ಅಪೊಮಾರ್ಫಿನ್ ಎಂಬ ಔಷಧಿ ಇದ್ದಲ್ಲಿ ಕೆಲವೇ ನಿಮಿಷದಲ್ಲಿ ಕೆಲಸ ಆಗುತ್ತದೆ. ಚಾಕೊಲೇಟ್ ಕರಗಿ ಮುದ್ದೆಯಾಗಿ ಹೊಟ್ಟೆಯಲ್ಲೇ ಅಂಟಿಕೊಂಡಿರುವುದುಂಟು. ಹಾಗಾಗಿ ಸ್ವಲ್ಪ ತಡವಾಗಿ ಹೋದರೂ ವಾಂತಿಯಿಂದ ಉಪಯೋಗ ಆಗಬಹುದು. "ಮೂರು ಗಂಟೆ ಆಗಿಹೋಯ್ತು, ಇನ್ನೇನು ಪ್ರಯೋಜನ" ಅಂತ ಮನೆಯಲ್ಲಿ ಕೂರಬೇಡಿ. ಆಮೇಲೆ ಚಾರ್ಕೋಲ್. ಕರುಳಿನಿಂದ ವಿಷ ಮತ್ತೆ ಮತ್ತೆ ರಕ್ತಕ್ಕೆ ಮರಳುತ್ತದೆ ಅಂದೆನಲ್ಲ, ಅದಕ್ಕೇ ಕೆಲವೊಮ್ಮೆ ಇದನ್ನು ಒಂದಕ್ಕಿಂತ ಹೆಚ್ಚು ಸಲ ಕೊಡುತ್ತಾರೆ. ಡ್ರಿಪ್ ಹಾಕಿ ಉಚ್ಚೆ ಹೆಚ್ಚಿಸುತ್ತಾರೆ, ಬೇಕಾದರೆ ನಳಿಕೆ ಹಾಕಿ ಮೂತ್ರಕೋಶ ಖಾಲಿ ಇಡುತ್ತಾರೆ. ಎದೆಬಡಿತ ಮಿತಿ ಮೀರಿದರೆ ಅದನ್ನು ಇಳಿಸುವ ಔಷಧಿ, ಫಿಟ್ಸ್‌ಗೆ ಡಯಾಜೆಪಾಮ್‌ನಂಥದ್ದು. ಬೇಗ ತಂದ ನಾಯಿಗಳಲ್ಲಿ ಹೆಚ್ಚಿನವು ಪೂರ್ತಿ ಚೇತರಿಸಿಕೊಳ್ಳುತ್ತವೆ.

ರಾತ್ರಿ ಹೊತ್ತು ಯಾವ ಕ್ಲಿನಿಕ್ ತೆರೆದಿರುತ್ತದೆ ಅನ್ನುವುದನ್ನು ಇವತ್ತೇ ವಿಚಾರಿಸಿ ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ಬೆಂಗಳೂರಿನಂಥ ಕಡೆ ಹುಡುಕಿದರೆ ಸಿಗುತ್ತದೆ, ಸಣ್ಣ ಊರುಗಳಲ್ಲಿ ಕಷ್ಟ. ಹೆಬ್ಬಾಳ, ಹಾಸನ, ಶಿವಮೊಗ್ಗ, ಬೀದರ್, ಗದಗದಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ. ಹತ್ತಿರದವರು ಅಲ್ಲಿನ ಆಸ್ಪತ್ರೆಯ ಸಮಯ ತಿಳಿದುಕೊಂಡಿರುವುದು ಒಳ್ಳೆಯದು. ಅಮೆರಿಕದಲ್ಲಿರುವ ಕನ್ನಡಿಗರಿಗೆ ಎಎಸ್‌ಪಿಸಿಎ ಎಂಬ ಪ್ರಾಣಿದಯಾ ಸಂಸ್ಥೆ ನಡೆಸುವ ಪ್ರಾಣಿ ವಿಷ ಸಹಾಯವಾಣಿ ಹಗಲು ರಾತ್ರಿ ಸಿಗುತ್ತದೆ. ಅದಕ್ಕೆ ಶುಲ್ಕ ಇರುತ್ತದೆ.

ಮನೆಯಲ್ಲೇ ನೋಡಿಕೊಳ್ಳಿ ಅಂದರೆ

ಪ್ರಮಾಣ ಕಡಿಮೆ ಇದ್ದರೆ ಡಾಕ್ಟರು ಮನೆಯಲ್ಲೇ ಗಮನಿಸಿ ಅನ್ನಬಹುದು. ಆಗ ನಾಯಿಯನ್ನು ಸುಮ್ನೆ ಮುದ್ದು ಮಾಡುತ್ತಾ ಕೂತರೆ ಸಾಲದು. ಕೈಯನ್ನು ಅದರ ಎಡ ಮುಂಗಾಲಿನ ಮೊಣಕೈ ಹಿಂದೆ, ಎದೆಗೆ ಒತ್ತಿ ಇಡಿ. ಬಡಿತ ಕೈಗೆ ಸಿಗುತ್ತದೆ. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿ. ಮಲಗಿ ಸುಧಾರಿಸಿಕೊಳ್ಳುತ್ತಿರುವ ದೊಡ್ಡ ನಾಯಿಗೆ ನಿಮಿಷಕ್ಕೆ 60ರಿಂದ 100, ಸಣ್ಣ ನಾಯಿಗೆ 100ರಿಂದ 140 ಸಹಜ. ನಿಮ್ಮ ನಾಯಿಯ ಮಾಮೂಲಿ ಬಡಿತ ಎಷ್ಟು ಅಂತ ಮೊದಲೇ ಎಣಿಸಿಟ್ಟುಕೊಂಡಿದ್ದರೆ ಇನ್ನೂ ಒಳ್ಳೆಯದು. ಗಂಟೆಗೊಮ್ಮೆ ಎಣಿಸಿ ಚೀಟಿಯಲ್ಲಿ ಬರೆಯಿರಿ. ಏರುತ್ತಾ ಹೋಗುತ್ತಿದ್ದರೆ ಹೊರಡಿ.

ಮೊದಲ ಲಕ್ಷಣಗಳು ಸಾಮಾನ್ಯವಾಗಿ ಎರಡರಿಂದ ನಾಲ್ಕು ಗಂಟೆಯಲ್ಲಿ ಕಾಣುತ್ತವೆ, ಆರರಿಂದ ಹನ್ನೆರಡು ಗಂಟೆ ತಡವಾಗುವುದೂ ಉಂಟು. ಸಂಜೆ ತಿಂದ ನಾಯಿಯ ಕಷ್ಟದ ಹೊತ್ತು ಮನೆಯವರೆಲ್ಲ ಮಲಗಿದ ಮೇಲೆ ಬರಬಹುದು. ಒಬ್ಬರಾದರೂ ಎಚ್ಚರ ಇರಿ. ತೊಡೆಯ ಸ್ನಾಯು ಅದುರುವುದು, ನಿಲ್ಲದ ಏದುಸಿರು, ಕಿವಿ ಮತ್ತು ಹೊಟ್ಟೆ ಮುಟ್ಟಿದರೆ ಬಿಸಿ, ಓಡಾಡಿ ಓಡಾಡಿ ಸುಸ್ತಾದರೂ ಮಲಗದಿರುವುದು, ಇವು ಕಂಡರೆ ಬೆಳಗಾಗುವವರೆಗೆ ಕಾಯಬೇಡಿ. ಕುಡಿಯಲು ನೀರು ಸದಾ ಇರಲಿ. ಎರಡು ಮೂರು ಗಂಟೆಗೊಮ್ಮೆ ಹೊರಗೆ ಕರೆದುಕೊಂಡು ಹೋಗಿ ಉಚ್ಚೆ ಮಾಡಿಸಿ, ರಾತ್ರಿಯಲ್ಲೂ. ಓಟ, ಆಟ ಬೇಡ. ದೀಪ ಕಡಿಮೆ ಮಾಡಿ, ಟಿವಿ ಆರಿಸಿ.

ಚಾಕೊಲೇಟಿನ ಜೊತೆ ಬರುವ ಬೇರೆ ವಿಷಗಳು

ಸಕ್ಕರೆರಹಿತ ಚಾಕೊಲೇಟ್ ಆಗಿದ್ದರೆ ಮೇಲಿನ ಲೆಕ್ಕವನ್ನೆಲ್ಲ ಪಕ್ಕಕ್ಕಿಡಿ, ಮೊದಲು ಕವರ್ ಓದಿ. ಕ್ಸೈಲಿಟಾಲ್ ಅಂತಲೋ, ಸ್ವೀಟ್ನರ್ 967 ಅಂತಲೋ ಇದ್ದರೆ ಒಂದು ನಿಮಿಷವೂ ತಡ ಬೇಡ. ಅದು ನಾಯಿಯಲ್ಲಿ ಇನ್ಸುಲಿನ್ ಉಕ್ಕಿಸುತ್ತದೆ. ಅರ್ಧ ಗಂಟೆ, ಒಂದು ಗಂಟೆಯೊಳಗೆ ರಕ್ತದ ಸಕ್ಕರೆ ಕುಸಿದು ನಾಯಿ ತೂರಾಡುತ್ತದೆ. ಪ್ರಮಾಣ ಜಾಸ್ತಿ ಆದರೆ ಯಕೃತ್ತೂ ಕೆಡುತ್ತದೆ. ಮಾಲ್ಟಿಟಾಲ್, ಅಂದರೆ 965 ಇದ್ದರೆ ಹಾಗಾಗುವುದಿಲ್ಲ, ಭೇದಿ ಆಗಬಹುದು ಅಷ್ಟೇ.

ಒಣದ್ರಾಕ್ಷಿ ಇರುವ ಚಾಕೊಲೇಟಿನಲ್ಲಿ ಮೂತ್ರಪಿಂಡದ ಭಯ ಇದೆ. ದ್ರಾಕ್ಷಿಯಲ್ಲಿರುವ ಟಾರ್ಟಾರಿಕ್ ಆಮ್ಲವೇ ಇದಕ್ಕೆ ಕಾರಣ ಅಂತ ವಿಷತಜ್ಞರು 2021ರಿಂದ ಹೇಳುತ್ತಿದ್ದಾರೆ. ನಮ್ಮ ಅಡುಗೆಮನೆಯ ಹುಣಸೆಹಣ್ಣಿನಲ್ಲೂ ಅದೇ ಆಮ್ಲ ಧಾರಾಳವಾಗಿದೆ, ಹುಣಸೆ ತಿಂದು ಮೂತ್ರಪಿಂಡ ಕೆಟ್ಟ ನಾಯಿಗಳೂ ವರದಿಯಾಗಿವೆ. ಎಷ್ಟು ದ್ರಾಕ್ಷಿ ತಿಂದರೆ ಅಪಾಯ ಅನ್ನುವುದಕ್ಕೆ ಚಾಕೊಲೇಟಿನಂಥ ಗೆರೆ ಇಲ್ಲ. ಹಾಗಾಗಿ ಕಡಿಮೆ ತಿಂದಿದ್ದರೂ ಡಾಕ್ಟರಿಗೆ ಹೇಳಿ.

ಕವರ್ ಸಮೇತ ನುಂಗಿದ್ದರೆ ಅದು ಕರುಳಿನಲ್ಲಿ ಸಿಕ್ಕಿಕೊಳ್ಳಬಹುದು. ಎರಡು ಮೂರು ದಿನ ಮಲ ಸರಿಯಾಗಿ ಆಗುತ್ತಿದೆಯಾ, ತಿಂದದ್ದೆಲ್ಲ ವಾಂತಿ ಆಗುತ್ತಿದೆಯಾ ಗಮನಿಸಿ.

ಕೊನೆಯದಾಗಿ ಕೊಬ್ಬಿನ ವಿಷಯ. ಚಾಕೊಲೇಟ್, ಅದರಲ್ಲೂ ಕ್ರೀಮ್ ತುಂಬಿದ ಕೇಕ್ ಜಾಸ್ತಿ ತಿಂದ ನಾಯಿಗೆ ಮೇದೋಜೀರಕ ಗ್ರಂಥಿ ಊದಿಕೊಳ್ಳಬಹುದು. ಇದು ಅದೇ ದಿನ ಗೊತ್ತಾಗುವುದಿಲ್ಲ. ಥಿಯೋಬ್ರೊಮಿನ್ ಕಾಟ ಮುಗಿಯಿತು ಅನ್ನುವಾಗ, ಒಂದೆರಡು ದಿನ ಬಿಟ್ಟು ನಾಯಿ ಊಟ ಬಿಡುತ್ತದೆ, ವಾಂತಿ ಮಾಡುತ್ತದೆ, ಹೊಟ್ಟೆನೋವಿಗೆ ಮುಂಗಾಲು ಚಾಚಿ ಹಿಂಭಾಗ ಎತ್ತಿ ನಿಲ್ಲುತ್ತದೆ. ಅಷ್ಟು ಹೊತ್ತಿಗೆ ಮನೆಯವರಿಗೆ ಚಾಕೊಲೇಟ್ ಮರೆತೇ ಹೋಗಿರುತ್ತದೆ, "ನಿನ್ನೆಯಿಂದ ಊಟ ಮಾಡ್ತಿಲ್ಲ ಸರ್" ಅಂತಷ್ಟೇ ಡಾಕ್ಟರಿಗೆ ಹೇಳುತ್ತಾರೆ. ಮೂರು ದಿನ ಮೊದಲು ಏನು ತಿಂದಿತ್ತು ಅನ್ನುವುದನ್ನೂ ಜೊತೆಗೆ ಹೇಳಿ.